ಶಂಕ್ರನ ಬಲಗಡೆಯ ಕುರ್ಚಿ

ಕೆ.ಆರ್.ನಗರದ ಬಸ್‌ಸ್ಟ್ಯಾಂಡಿನ ಹಿಂದೆ ಲಗ್ನಪತ್ರಿಕೆ, ಐಡಿ ಕಾರ್ಡು, ಲ್ಯಾಮಿನೇಷನ್ ಮಾಡಿಕೊಡುವ ಒಂದು ಅಂಗಡಿ ಇದೆ. ಅದರ ಮಾಲೀಕ ಶಿವಶಂಕರ್‌ಗೆ ನಲವತ್ತೊಂದು ವರ್ಷ. ಮದುವೆ ಆಗಿಲ್ಲ. ಊರವರ ಪತ್ರಿಕೆ ಅಚ್ಚು ಹಾಕುವುದರಲ್ಲಿ ತನ್ನ ಪತ್ರಿಕೆ ಮರೆತ ಎಂದು ಜನ ನಗುತ್ತಾರೆ. ನಗಲಿ ಬಿಡಿ. ಅವನಿಗಿದ್ದ ಹುಚ್ಚೇ ಬೇರೆ. ಹಿಂದೆ ಮೈಸೂರಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅಂಟಿಕೊಂಡ ಕಾರ್ಡಿನ ಆಟ ಅದು. ಇಸ್ಪೀಟಲ್ಲ, ತಪ್ಪು ತಿಳಿಯಬೇಡಿ. ವಿದೇಶದಿಂದ ಬರುವ ಬಣ್ಣಬಣ್ಣದ ಕಾರ್ಡುಗಳು. ಒಂದರಲ್ಲಿ ಮೃಗ, ಒಂದರಲ್ಲಿ ಮಾಂತ್ರಿಕ, ಒಂದೊಂದಕ್ಕೂ ಒಂದು ಬಲ. ಅವನ್ನು ಕೊಂಡು, ಅದಲುಬದಲು ಮಾಡಿಕೊಂಡು, ತಮ್ಮ ತಮ್ಮ ಪಡೆ ಕಟ್ಟಿ ಕಾದಾಡುವುದು.

ಇದರಲ್ಲಿ ಡ್ರಾಫ್ಟ್ ಅಂತ ಒಂದು ಬಗೆ. ಹೊಸ ಪ್ಯಾಕೆಟ್ ಒಡೆದು, ಕೈಗೆ ಬಂದದ್ದರಲ್ಲಿ ಒಂದೇ ಒಂದು ಕಾರ್ಡು ಇಟ್ಟುಕೊಂಡು, ಉಳಿದದ್ದನ್ನು ಪಕ್ಕದವರಿಗೆ ದಾಟಿಸಬೇಕು. ಅವರೂ ಹಾಗೆಯೇ. ಕೊನೆಗೆ ಸಿಕ್ಕಿದ್ದರಲ್ಲೇ ಪಡೆ ಕಟ್ಟಬೇಕು. ವಾರ ವಾರ ಹೊಸ ಪ್ಯಾಕೆಟ್ ಈ ಊರಲ್ಲಿ ಎಲ್ಲಿಂದ ತರುವುದು? ಶಿವಶಂಕರ್ ತನ್ನಲ್ಲಿದ್ದ ಕಾರ್ಡುಗಳಲ್ಲೇ ನೂರೆಂಬತ್ತನ್ನು ಆರಿಸಿ, ಚಪ್ಪಲಿ ಡಬ್ಬಿಗೆ ತುಂಬಿ, ನಾಲ್ಕು ಜನ ಎಷ್ಟು ಸಲ ಆಡಿದರೂ ಬೇಸರವಾಗದಂಥ ತನ್ನದೇ ಡ್ರಾಫ್ಟ್ ಕಟ್ಟಲು ಕೂತ. ಮೈಸೂರಿನ ಆಟಗಾರರ ಕೂಟದಲ್ಲಿ ಅದನ್ನು ಒಮ್ಮೆ ಆಡಿಸಬೇಕು, ಭೇಷ್ ಅನ್ನಿಸಿಕೊಳ್ಳಬೇಕು. ಜೀವನದಲ್ಲಿ ಅವನು ಬೇರೇನನ್ನೂ ಇಷ್ಟು ಬಯಸಿದವನಲ್ಲ.

ಆಡಿ ಪರೀಕ್ಷೆ ಮಾಡಲು ಜನ ಬೇಕಲ್ಲ? ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯ ಮೂರ್ತಿ ಒಬ್ಬ. ಅಂಗಡಿಯಲ್ಲಿ ಡಿಟಿಪಿ ಮಾಡುವ ಪ್ರಿಯಾ ಒಬ್ಬಳು. ನಾಲ್ಕನೆಯವಳು ಅವನ ಅಕ್ಕ ನೀಲಾಂಬಿಕೆ. ಮಿರ್ಲೆಯ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುವವಳು. ತಾಯಿ ಹೋದಾಗ ಶಂಕ್ರನಿಗೆ ಎಂಟು ವರ್ಷ. ಅಲ್ಲಿಂದ ಸಾಕಿದ್ದು ಇವಳೇ. ಭಾನುವಾರ ಬಸ್ಸಿಳಿದು ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಶಂಕ್ರನ ಬಲಗಡೆಯ ಕುರ್ಚಿಯಲ್ಲೇ ಕೂರುತ್ತಿದ್ದಳು. ಬೇರೆ ಕಡೆ ಕೂರು ಅಂದರೆ, "ಇಲ್ಲಿ ಫ್ಯಾನ್ ಗಾಳಿ ಬತ್ತದೆ ಕಣೋ" ಅನ್ನುತ್ತಿದ್ದಳು.

ಬೇರೆಯವರ ಡ್ರಾಫ್ಟಿನಲ್ಲಿ ಕಾರ್ಡನ್ನು ಒಂದು ಸುತ್ತು ಎಡಕ್ಕೆ, ಇನ್ನೊಂದು ಸುತ್ತು ಬಲಕ್ಕೆ ದಾಟಿಸುತ್ತಾರೆ. ಶಿವಶಂಕರ್ ಅದನ್ನೇ ಇಡಲು ಹೊರಟಾಗ ನೀಲಕ್ಕ ಒಪ್ಪಲಿಲ್ಲ. "ಪಂಕ್ತೀಲಿ ಬಡ್ಸೋರು ಇಂದಕ್ಕೂ ಮುಂದಕ್ಕೂ ಓಡಾಡ್ತಾರೇನೋ? ಒಂದೇ ಕಡೆಯಿಂದ ಬಡುಸ್ಕಂಡು ಓಗ್ಬೇಕು. ಎಲ್ಲಾರ್ಗೂ ಸಿಕ್ತದೆ."

ಮಾತು ಅವನಿಗೆ ಹಿಡಿಸಿತು. ಕಾರ್ಡು ಯಾವಾಗಲೂ ಎಡಕ್ಕೇ ಹೋಗಬೇಕು ಅಂತ ನಿಯಮ ಬರೆದ. ತನ್ನ ಡ್ರಾಫ್ಟಿನ ವಿಶೇಷವೇ ಇದು ಅಂತ ಬೀಗಿದ.

ಎಲ್ಲರಿಗೂ ಒಂದೊಂದು ಹಾಳೆ ಅಚ್ಚು ಹಾಕಿಸಿ ಕೊಡುತ್ತಿದ್ದ. ಯಾವ ಕಾರ್ಡು ಇಟ್ಟುಕೊಂಡಿರಿ, ಯಾಕೆ, ಮನಸ್ಸಿಲ್ಲದೆ ಬಿಟ್ಟ ಕಾರ್ಡು ಯಾವುದು ಅಂತ ಮೂರು ಕಾಲಂ. ಮೂರ್ತಿಯ ಹಾಳೆ, ಪ್ರಿಯಾಳ ಹಾಳೆ ಓದಿ ಓದಿ ಡಬ್ಬಿಯ ಕಾರ್ಡು ಬದಲಿಸುತ್ತಿದ್ದ. ನೀಲಕ್ಕನದನ್ನು ಓದುತ್ತಿರಲಿಲ್ಲ. ಅವಳು ಬಿಡದೆ ಸೋಲುತ್ತಿದ್ದಳಲ್ಲ, ಅವಳ ಹಾಳೆಯಿಂದ ಏನು ತಿಳಿದೀತು ಅಂತ ಡ್ರಾಯರಿಗೆ ತುರುಕುತ್ತಿದ್ದ. ಅವನೋ, ಬಿಡದೆ ಗೆಲ್ಲುತ್ತಿದ್ದ. "ನಂಗೆ ಒಳ್ಳೊಳ್ಳೆ ಕಾರ್ಡೇ ಬತ್ತಾವೆ ಕಣ್ಲಾ ಮೂರ್ತಿ, ಅದೃಷ್ಟ ಅಂದ್ರೆ ಇದು!"

ಹತ್ತು ತಿಂಗಳಾದ ಮೇಲೆ ಮೈಸೂರಿನವರು ಬನ್ನಿ ಅಂದರು. ಇನ್ನು ಒಂದು ತಿಂಗಳಿತ್ತು. ಶಿವಶಂಕರ್‌ಗೆ ತಲೆ ನಿಲ್ಲಲಿಲ್ಲ. ಆ ಭಾನುವಾರವೂ ನೀಲಕ್ಕ ಯಾರಿಗೂ ಬೇಡದ ಹಲ್ಲಿ, ಹುಳದ ಕಾರ್ಡು ಹಿಡಿದು ಸೋತಾಗ, ತನ್ನ ಕೈಯಲ್ಲಿದ್ದ ಕಾರ್ಡು ಎಸೆದುಬಿಟ್ಟ.

"ನಿಂಗೆ ಆಟ ಬರಕ್ಕಿಲ್ಲ ಕಣಕ್ಕ! ನಿನ್ನಿಂದ ನನ್ನ ಪರೀಕ್ಷೆನೇ ಹಾಳು. ಮುಂದಿನ್ವಾರ ಪೋಸ್ಟಾಫೀಸ್ ಸ್ವಾಮಿ ಕೂತ್ಕತಾನೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀಲಕ್ಕ ಅವನು ಎಸೆದ ಕಾರ್ಡುಗಳನ್ನು ಆರಿಸಿ ಡಬ್ಬಿಗೆ ಹಾಕಿ, "ಆಗ್ಲಿ ಬುಡು, ನಾನು ಕಾಫಿ ಮಾಡ್ಕೊಡ್ತೀನಿ" ಅಂದಳು.

ಮುಂದಿನ ವಾರವೂ ಬಂದಳು. ಕಾಫಿ ಕೊಟ್ಟು ಸ್ವಾಮಿಯ ಹಿಂದೆ ನಿಂತಳು. ಸ್ವಾಮಿ ಬೆಂಕಿಹಕ್ಕಿಯ ಕಾರ್ಡಿಗೆ ಕೈಹಾಕಿದ್ದೇ ತಡ, "ಅದು ನಿಮಗ್ಯಾಕೆ ಸ್ವಾಮಿ, ಬುಟ್ಬುಡಿ" ಅಂದುಬಿಟ್ಟಳು.

"ಆಡೋರ ಮಧ್ಯೆ ಬಾಯಿ ಆಕ್ಬೇಡಕ್ಕ. ಓಗು, ಬಸ್ಸಿಗೆ ಒತ್ತಾಯ್ತು" ಎಂದು ಶಿವಶಂಕರ್ ತಲೆಯೆತ್ತದೆ ಅಂದ. ಪ್ರತಿವಾರ ಬಸ್ಸಿನವರೆಗೆ ಹೋಗಿ ಬಿಟ್ಟು ಬರುವವನು ಅವತ್ತು ಎದ್ದೂ ಹೋಗಲಿಲ್ಲ. ಆಟದಲ್ಲೂ ಸೋತ.

ಗುರುವಾರ ಶಾಲೆಯ ಅಡುಗೆಮನೆಯಲ್ಲಿ ಸಾರು ಇಳಿಸಿ, ಎದೆ ಹಿಡಿದುಕೊಂಡು ಕೂತ ನೀಲಕ್ಕ ಮತ್ತೆ ಏಳಲಿಲ್ಲ. ಐವತ್ಮೂರು ಸಾಯುವ ವಯಸ್ಸೇ? ಹಣೆ ತುಂಬ ವಿಭೂತಿ ಬಳಿದು, ಕೂರಿಸಿಯೇ ಮಣ್ಣು ಮಾಡಿದರು. ಮಣ್ಣು ಹಾಕುವಾಗ ಶಿವಶಂಕರ್‌ಗೆ ಕುರ್ಚಿ ಬಿಡಿಸಿದ್ದೊಂದೇ ನೆನಪು.

ಮೈಸೂರಿಗೆ ಹೋಗುವುದೇ ಬೇಡ ಅಂದಿದ್ದ. ಮೂರ್ತಿ ಬಿಡದೆ ಹೊರಡಿಸಿದ. ಹೋಗಬಾರದಿತ್ತೋ ಏನೋ. ನಾಲ್ಕು ಜನ ಗಟ್ಟಿ ಆಟಗಾರರು ಕೂತರು. ಒಳ್ಳೆಯ ಕಾರ್ಡನ್ನೆಲ್ಲ ಬಲಗಡೆಯವನು ಬಾಚಿಕೊಂಡ, ಅವನ ಎಡಗಡೆಯವನಿಗೆ ಕಸ ಸಿಕ್ಕಿತು. ಮೂರು ಆಟವೂ ಹಾಗೆಯೇ ಆಯಿತು. ಕೂಟ ನಡೆಸುವ ಸಂಘಮಿತ್ರ ಒಳ್ಳೆಯ ಹೆಂಗಸು, ಮೆತ್ತಗೇ ಹೇಳಿದಳು.

"ಸರ್, ತಪ್ಪು ತಿಳ್ಕೋಬೇಡಿ. ಯಾವಾಗ್ಲೂ ಒಂದೇ ಕಡೆಗೆ ದಾಟಿಸಿದ್ರೆ, ಬಲಗಡೆ ಕೂತೋರು ಬೇಕಂತ ಬಿಟ್ಟುಕೊಟ್ರೆ ಮಾತ್ರ ಆಟ ನಡಿಯುತ್ತೆ. ಯಾರು ಹಾಗೆ ಬಿಟ್ಕೊಡ್ತಾರೆ? ಹತ್ತು ತಿಂಗಳು ಟೆಸ್ಟ್ ಮಾಡಿದ್ರಲ್ಲ, ಗೊತ್ತಾಗ್ಲಿಲ್ವಾ?"

ಶಿವಶಂಕರ್ ಕಾರ್ಡುಗಳನ್ನು ಡಬ್ಬಿಗೆ ತುಂಬಿಕೊಂಡು ಎದ್ದ. ಸಂಜೆಯ ಬಸ್ಸಿಗೆ ಬಂದವನೇ ಅಂಗಡಿಯ ಷಟರ್ ಎತ್ತಿ, ಡ್ರಾಯರ್ ಎಳೆದ. ನೀಲಕ್ಕನ ಹಾಳೆಗಳು, ಅರಿಶಿನದ ಬೆರಳಚ್ಚು ಸಮೇತ, ಮುದುಡಿ ಕೂತಿದ್ದವು. ಗುಂಡಗಿನ ಅಕ್ಷರ.

'ಇಟ್ಟುಕೊಂಡ ಕಾರ್ಡು: ಹಲ್ಲಿ. ಯಾಕೆ: ಯಾರಿಗೂ ಬೇಡವಾದ್ದು. ಬಿಟ್ಟ ಕಾರ್ಡು: ಬೆಂಕಿಹಕ್ಕಿ. ಶಂಕ್ರನಿಗೆ ಬೇಕು.'

ಮುಂದಿನ ಹಾಳೆ. 'ಬಿಟ್ಟ ಕಾರ್ಡು: ಕಲ್ಲಾನೆ. ಶಂಕ್ರ ಹೋದ ವಾರ ಇದಿಲ್ಲದೆ ಪೇಚಾಡಿದ.' ಅದರ ಮುಂದಿನದು. 'ಬಿಟ್ಟ ಕಾರ್ಡು: ಸಿಡಿಲು. ನಾನು ಇಟ್ಟುಕೊಂಡರೆ ಗೆಲ್ಲುತ್ತಿದ್ದೆ. ಅವನ ಮುಖ ಸಪ್ಪಗಿದೆ ಇವತ್ತು.'

ನಲವತ್ತು ಹಾಳೆ. ನಲವತ್ತರಲ್ಲೂ ಶಂಕ್ರ, ಶಂಕ್ರ, ಶಂಕ್ರ. ಅವನು ಯಾವ ಪಡೆ ಕಟ್ಟುತ್ತಾನೆ, ಅದಕ್ಕೆ ಯಾವ ಕಾರ್ಡು ಕೂಡುತ್ತದೆ ಎಂದು ತಿಳಿಯದೆ ಹೀಗೆ ಬಿಟ್ಟುಕೊಡಲು ಆಗುವುದಿಲ್ಲ. ಆ ಮೇಜಿನಲ್ಲಿ ಆಟ ಚೆನ್ನಾಗಿ ಬರುತ್ತಿದ್ದವಳು ಅವಳೊಬ್ಬಳೇ. ಅವಳಿಗೇ ಇವನು ಆಟ ಬರಕ್ಕಿಲ್ಲ ಅಂದಿದ್ದ. ಶಿವಶಂಕರ್ ಆ ಖಾಲಿ ಕುರ್ಚಿಗೆ ತಲೆಯೊರಗಿಸಿ, "ಓದ್ಲಿಲ್ಲ ಕಣಕ್ಕ, ನಾನು ಓದ್ಲೇ ಇಲ್ಲ" ಎಂದು ಬಾಯಿ ಬಿಟ್ಟು ಅತ್ತ.

ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡಿದರೆ ಡ್ರಾಫ್ಟ್ ಸರಿಹೋಗುತ್ತದೆ ಅಂತ ಸಂಘಮಿತ್ರ ಹೇಳಿಕಳಿಸಿದ್ದಳು. ಒಂದು ಸಾಲು ತಿದ್ದಿದರೆ ಸಾಕಿತ್ತು. ಅವನು ತಿದ್ದಲಿಲ್ಲ, ಮೈಸೂರಿನ ಮಾತನ್ನೂ ಮತ್ತೆ ಎತ್ತಲಿಲ್ಲ.

ತಿಂಗಳು ಕಳೆದು ಮೂರ್ತಿಯ ಬಲವಂತಕ್ಕೆ ಮತ್ತೆ ನಾಲ್ವರು ಕೂತರು. ಬಲಗಡೆಯ ಕುರ್ಚಿಯಲ್ಲಿ ಸ್ವಾಮಿ ಕೂರಲು ಹೋದಾಗ ಶಿವಶಂಕರ್ ಕೈ ಅಡ್ಡ ಹಿಡಿದು, ತಾನೇ ಅಲ್ಲಿ ಕೂತ. ಎಡಕ್ಕೆ, ಅವನ ಹಳೆಯ ಜಾಗದಲ್ಲಿ, ಮೂರ್ತಿ. ಕೂತ ಮೇಲೆ ತಲೆಯೆತ್ತಿ ನೋಡಿದ. ಫ್ಯಾನಿನ ಗಾಳಿ ಆ ಕುರ್ಚಿಗೆ ಬರುತ್ತಲೇ ಇರಲಿಲ್ಲ.

ಎರಡನೇ ಸುತ್ತಿಗೆ ಬೆಂಕಿಹಕ್ಕಿ ಅವನ ಕೈಗೆ ಬಂತು. ಹಲ್ಲಿ ಇಟ್ಟುಕೊಂಡು, ಹಕ್ಕಿಯನ್ನು ದಾಟಿಸಿದ.

"ಲೇ ಶಂಕ್ರ, ಇವತ್ತು ನನ್ನ ಅದೃಷ್ಟ ನೋಡ್ಲಾ!" ಎಂದು ಮೂರ್ತಿ ತೊಡೆ ತಟ್ಟಿದ.

"ನಾನೂ ಅಂಗೇ ಅನ್ಕಂಡಿದ್ದೆ ಕಣ್ಲಾ" ಅಂದ ಶಿವಶಂಕರ್. ಆಮೇಲೆ ಎದ್ದು, ಎಲ್ಲರಿಗೂ ಕಾಫಿ ಮಾಡಲು ಒಳಗೆ ಹೋದ.