ಗೋಲಿನ ಹಿಂದೆ ಛತ್ರಿ ಹಿಡಿದು

ಕುಷ್ಟಗಿ ಬಸ್ ನಿಲ್ದಾಣದ ಕಲ್ಲುಬೆಂಚು ಬೆಳಗಿನ ಹತ್ತಕ್ಕೇ ಕಾದು, ಕೂರಲು ಬಾರದಂತಾಗಿತ್ತು. ಮೇ ತಿಂಗಳು. ನನ್ನ ಕೈಯಲ್ಲಿ ಕಪ್ಪು ಛತ್ರಿ, ಚೀಲದಲ್ಲಿ ನೀರಿನ ಬಾಟಲಿ, ಬಿಸಿಲು ಬಡಿಯಬಾರದೆಂದು ಹೆಂಡತಿ ಹಾಕಿಕೊಟ್ಟ ಉಳ್ಳಾಗಡ್ಡಿ. ಮಗಳು ಸುಮಂಗಲಾಳ ಕೈಯಲ್ಲಿ ಗೋಲ್‌ಕೀಪರ್ ಕೈಗವಸು ಮಾತ್ರ. ಮರುದಿನ ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ಹೆಣ್ಣುಮಕ್ಕಳ ಫುಟ್ಬಾಲ್ ಸೆಮಿಫೈನಲ್. ಕುಷ್ಟಗಿ, ಯಲಬುರ್ಗಾ ಕೂಡಿದ ನಮ್ಮ ತಂಡ ಕೊಪ್ಪಳದ ತಂಡದ ಎದುರು ಆಡಬೇಕಿತ್ತು. ಉಳಿದ ಹುಡುಗಿಯರು ಡ್ರಿಲ್ ಮಾಸ್ತರರ ಜೊತೆ ಟೆಂಪೋದಲ್ಲಿ ಹೋಗಿದ್ದರು.

ಹೋದ ಬೇಸಿಗೆಯಲ್ಲಿ ಸುಮಾ ಅಭ್ಯಾಸದ ನಡುವೆಯೇ ತಲೆಸುತ್ತಿ ಬಿದ್ದು ಸಲೈನ್ ಏರಿಸಿಕೊಂಡಿದ್ದಳು. ಅದಕ್ಕೇ ನಾನೂ ಬರುತ್ತೇನೆಂದು ಹಟ ಹಿಡಿದೆ. ಪಶು ಆಸ್ಪತ್ರೆಯ ಜವಾನನಾಗಿ ಬಿಸಿಲಿಗೆ ಬಿದ್ದ ಎಮ್ಮೆಗಳನ್ನು ಬಹಳ ನೋಡಿದ್ದೇನೆ. ಅವು ಬೀಳುವ ಮುಂಚೆ ಹೇಳುವುದಿಲ್ಲ. ನನ್ನ ಮಗಳೂ ಹೇಳುವ ಪೈಕಿ ಅಲ್ಲ.

ಹೊಸಪೇಟೆ ಬಸ್ಸು ಸಿಕ್ಕಿತು. ಅವಳಿಗೆ ಉಚಿತ, ಟಿಕೆಟ್ ನನ್ನೊಬ್ಬನಿಗೆ. ಹಿಟ್ನಾಳಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಕಿಟಕಿಯ ಗಾಳಿ ರೊಟ್ಟಿಯ ಹಂಚಿನ ಮೇಲಿಂದ ಎದ್ದು ಬಂದಂತಿತ್ತು. ಪಕ್ಕದಲ್ಲಿ ಕೂತ ಹಿಟ್ನಾಳದ ಹಿರಿಯರೊಬ್ಬರು ಗಲ್ಫಿನಲ್ಲಿ ಪೈಪಿನ ಕೆಲಸ ಮಾಡಿ ಬಂದವರಂತೆ. ಕೈಗವಸು ನೋಡಿ ಮಾತಿಗಿಳಿದರು.

"ಇಂಥಾ ಬಿಸಲಾಗ ಫುಟ್ಬಾಲ್ ಏನ್ರಿ? ಗಲ್ಫಿನಾಗ ವಿಶ್ವಕಪ್ ನಡೀತಲ್ಲ, ಬ್ಯಾಸಗಿ ಬ್ಯಾಡಂತ ಚಳಿಗಾಲಕ್ಕ ಒಯ್ದ್ರು. ನಮ್ಮ ಲೀಗ್ ಕೆಡ್ತಾವಂತ ಯುರೋಪಿನವ್ರು ಭಾಳ ಒದರ್‍ಯಾಡಿದ್ರು. ಆದ್ರೂ ಬಂದು ಆಡಿದ್ರು. ಜೀವ ಮೊದಲ್ರಿ."

"ನಾನೂ ಅದನ್ನ ಹೇಳಾಕತ್ತೀನ್ರಿ" ಎಂದು ಮಗಳ ಮುಖ ನೋಡಿದೆ.

"ಈ ಸಲದ ವಿಶ್ವಕಪ್ ಮತ್ತ ಬ್ಯಾಸಗ್ಯಾಗ ಐತ್ರಿ ಕಾಕಾ" ಎಂದಳು ಅವಳು. "ನಡುವ ನೀರು ಕುಡಿಯಾಕ ಆಟ ನಿಲ್ಲಸ್ತಾರ. ಎಲ್ಲಾರಿಗೂ ಬಿಡುವು ಇದ್ದಾಗ ಇಡಬೇಕಲ್ರಿ?"

"ಬಿಡುವು ದೊಡ್ಡದೋ, ಜೀವ ದೊಡ್ಡದೋ?" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಹಿಟ್ನಾಳದಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಮಜ್ಜಿಗೆ ಕುಡಿದು, ಗಂಗಾವತಿ ಬಸ್ಸು ಹಿಡಿದೆವು. ಅಲ್ಲಿ ನನ್ನ ತಂಗಿಯ ಮನೆ. ಪಂದ್ಯ ಬೆಳಗಿನ ಏಳಕ್ಕೆಂದು ಮಾಸ್ತರರು ಫೋನಿನಲ್ಲಿ ಹೇಳಿದಾಗ ನನಗೆ ಅರ್ಧ ಉಸಿರು ಬಂತು. ಒಂಬತ್ತರೊಳಗೆ ಮುಗಿದುಹೋಗುತ್ತದಲ್ಲ.

ಬೆಳಿಗ್ಗೆ ಆಟೋದಲ್ಲಿ ಗಡ್ಡೆ ಮುಟ್ಟಿದೆವು. ಮೈದಾನವೆಂದರೆ ಭತ್ತ ಕೊಯ್ದ ಗದ್ದೆ. ಅದರ ತುಂಬ ನೀರು ನಿಂತು ಹೊಳೆಯುತ್ತಿತ್ತು. ಗದ್ದೆಯ ಮಾಲೀಕ ಸತ್ಯಣ್ಣ ಬದುವಿನ ಮೇಲೆ ತಲೆ ಕೆರೆಯುತ್ತ ನಿಂತಿದ್ದರು.

"ನೆಲ ಕಾದು ಕಲ್ಲಾಗಿತ್ರಿ. ಹುಡಿಗ್ಯಾರ ಕಾಲು ಸುಡಬಾರ್ದಂತ ರಾತ್ರಿ ಸ್ವಲ್ಪ ಹೊಳಿ ನೀರು ಬಿಟ್ವಿ. ಮೋಟಾರ್ ಬಂದ್ ಮಾಡೋದು ಮರ್ತು ಮಕ್ಕೊಂಡ್ವಿ."

ಭತ್ತದ ಮಂದಿಗೆ ಯಾವ ನೆಲ ಕೊಟ್ಟರೂ ಮೊದಲು ನೀರು ಬಿಡುವುದೇ ಕೆಲಸ. ತಂಪು ಮಾಡಲು ಹೋಗಿ ಆಟವನ್ನು ನಡುಮಧ್ಯಾಹ್ನಕ್ಕೆ ತಂದಿಟ್ಟಿದ್ದರು. ಸಂಜೆ ಅದೇ ಗದ್ದೆಯಲ್ಲಿ ಫೈನಲ್. ಹಾಗಾಗಿ ನೀರು ಬಸಿದು, ನೆಲ ಸ್ವಲ್ಪ ಆರಿದೊಡನೆ ಸೆಮಿಫೈನಲ್ ಎಂದರು. ಸುತ್ತಲಿನ ಬಂಡೆಗಳು ಬಿಸಿಲಿಗೆ ಕಾಯುತ್ತಿದ್ದವು. ಜೀವನದಲ್ಲಿ ಮೊದಲ ಸಲ ಕೆಸರು ಒಣಗದಿರಲಿ ಎಂದು ಬೇಡಿಕೊಂಡೆ. ಆಡುವಷ್ಟು ಒಣಗಿತು.

ಆಟ ಶುರುವಾದಾಗ ಸೂರ್ಯ ನೆತ್ತಿಯ ಮೇಲಿದ್ದ. ನಾನು ಸುಮಾಳ ಗೋಲಿನ ಹಿಂದೆ ಛತ್ರಿ ಬಿಚ್ಚಿ ನಿಂತೆ. ನೆರಳು ಅವಳ ತನಕ ಹೋಗಲಿಲ್ಲ. ಕಂಬ ದಾಟಿ ಇನ್ನಷ್ಟು ಮುಂದೆ ಹೋದೆ. ರೆಫರಿ ಸೀಟಿ ಊದಿದರು.

"ಯಜಮಾನ್ರ, ಛತ್ರಿ ಮಡಚಿ ಹಿಂದ ಸರೀರಿ."

"ನನ್ನ ಮಗಳ್ರಿ. ಹ್ವಾದ ವರ್ಷ ಬಿದ್ದಿದ್ಲು."

"ಇಲ್ಲಿ ಆಡೋರೆಲ್ಲಾ ಯಾರ್ದರ ಮಕ್ಕಳ ಅದಾರ್ರಿ."

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ಮಡಚಿದೆ. ಅಲ್ಲಿಂದ ಆಟ ನೋಡಲಿಲ್ಲ, ಅವಳ ಕಾಲು ತಡವರಿಸುತ್ತದೆಯೋ ಎಂಬುದನ್ನಷ್ಟೇ ನೋಡಿದೆ. ದ್ವಿತೀಯಾರ್ಧದಲ್ಲಿ ಅವಳು ಚೆಂಡಿಗೆ ಹಾರಿ ಮಕಾಡೆ ಬಿದ್ದಳು. ಏಳಲಿಲ್ಲ. ಒಳಗೆ ಓಡಿದೆ.

"ಯಪ್ಪಾ, ಹೊರಗ ಹೋಗು!" ಎಂದಳು ಕೆಸರು ಮೆತ್ತಿದ ಮುಖವೆತ್ತಿ. "ಬಾಲ್ ಹಿಡದೀನಿ. ಕೆಳಗ ಭಾಳ ತಂಪೈತಿ, ಅದಕ್ಕ ಮಕ್ಕೊಂಡೀನಿ."

ಎಲ್ಲರೂ ನಕ್ಕರು. ನಾನೂ ನಗಬೇಕೆಂದಿದ್ದೆ. ಅಷ್ಟರಲ್ಲಿ ಗದ್ದೆಯ ಆ ತುದಿಯಲ್ಲಿ ಕೊಪ್ಪಳದ ಹುಡುಗಿಯೊಬ್ಬಳು ಕುಕ್ಕರಿಸಿ ಕೂತು, ವಾಂತಿ ಮಾಡಿ, ಪಕ್ಕಕ್ಕೆ ಉರುಳಿದಳು. ಅವಳ ಕಡೆ ನಾನು ಒಮ್ಮೆಯೂ ನೋಡಿರಲಿಲ್ಲ. ಅವಳಪ್ಪ ಅಲ್ಲಿರಲಿಲ್ಲ. ಛತ್ರಿ ಬಿಚ್ಚಿಕೊಂಡು ಓಡಿದೆ. ಈ ಸಲ ಯಾರೂ ಸೀಟಿ ಊದಲಿಲ್ಲ. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಟವೆಲ್ ಒತ್ತಿ, ಸತ್ಯಣ್ಣನ ಟ್ರ್ಯಾಕ್ಟರಿನಲ್ಲಿ ನೆರಳಿಗೆ ಒಯ್ದೆವು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಗೋಲ್ ಆತೇನ್ರಿ?" ಎಂದಳು. ಆಗಿತ್ತು. ಅವರೇ ಗೆದ್ದಿದ್ದರು. ಡಾಕ್ಟರು ಬಂದು ನೋಡಿ, ಸಂಜೆ ಅವಳು ಆಡಕೂಡದೆಂದರು.

ನಾನು ಸತ್ಯಣ್ಣನ ಮೇಲೆ ಹರಿಹಾಯ್ದೆ. "ಚಳಿಗಾಲದಾಗ ಇಟ್ರ ನಿಮ್ಮ ಗಂಟೇನು ಹೋಗ್ತೈತ್ರಿ?"

"ಚಳಿಗಾಲದಾಗ ಇಲ್ಲಿ ಸಸಿ ಹಚ್ಚಿರ್ತೀವ್ರಿ, ಕಾಲಿಡಾಕ ಜಾಗ ಇರಂಗಿಲ್ಲ" ಎಂದರು ಅವರು, ತಗ್ಗಿದ ದನಿಯಲ್ಲಿ. "ನಿಮ್ಮ ಕಡಿ ಮಸಾರಿ ಹೊಲ ಸಜ್ಜಿ ಕೊಯ್ದಮ್ಯಾಲ ಖಾಲಿ ಬಿದ್ದಿರ್ತಾವಲ್ಲ. ನೀವ ನಡಸ್ರಿ. ನಾವು ಬರ್ತೀವಿ."

ನಮ್ಮದೂ ಊರ ಮುಂದೆ ಮೂರೆಕರೆ ಕೆಂಪು ಮಣ್ಣಿನ ಮಸಾರಿ ಹೊಲ ಇದೆ.

ಮರಳುವ ದಾರಿಯುದ್ದಕ್ಕೂ ಅದೇ ಸಂಕಟ. ನನ್ನ ಹೊಲದಲ್ಲಿ ಆಟ ಇಟ್ಟರೆ ಬಂದವರೆಲ್ಲರ ಜೀವಕ್ಕೆ ನಾನೇ ಹೊಣೆ. ಅಲ್ಲಿ ಯಾವ ಹುಡುಗಿ ಬಿದ್ದರೂ ನಾನೇ ಓಡಬೇಕು. ಮರುದಿನ ಸಂಜೆ ಊರ ಹತ್ತಿರ ಇಳಿದಾಗ ಸುಮಾ ಮನೆಯ ದಾರಿ ಹಿಡಿಯದೆ ನೇರ ಹೊಲಕ್ಕೆ ನಡೆದಳು. ಕೈಗವಸು ಹಾಕಿಕೊಂಡೇ ಒಂದೊಂದು ಕಲ್ಲು ಆರಿಸಿ ಬದುವಿಗೆ ಎಸೆಯತೊಡಗಿದಳು.

"ಯಪ್ಪಾ, ಗೋಲು ಯಾವ ಕಡಿ?"

ಬೇವಿನ ಮರದ ನೆರಳು ಎಲ್ಲಿಯ ತನಕ ಬರುತ್ತದೆಂದು ನೋಡಿದೆ. ಅಲ್ಲಿಗೆ ಹೋಗಿ ಛತ್ರಿಯನ್ನು ನೆಲಕ್ಕೆ ಊರಿದೆ.

"ಒಂದು ಕಂಬ ಇಲ್ಲಿ" ಎಂದೆ.