ಲಗ್ನಪತ್ರಿಕೆಯಲ್ಲಿ ‘ಇವ್ಯಾಂಜೆಲಿಕಲ್’

ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಿವರಂಜನಿಯ ಡಿಟಿಪಿ ಅಂಗಡಿ ಇದೆ. ತೆಂಗಿನಕಾಯಿ ವ್ಯಾಪಾರಿ ಈಶ್ವರಯ್ಯನವರ ಮಗಳು. ಹತ್ತೊಂಬತ್ತು ವರ್ಷದಿಂದ ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು ಎಲ್ಲವನ್ನೂ ಟೈಪ್ ಮಾಡಿಕೊಡುತ್ತಾಳೆ. ಶುರುವಿನಲ್ಲಿ ಒಮ್ಮೆ ಒಂದು ಮನೆಯವರ ತಿಥಿ ಕಾರ್ಡಿನಲ್ಲಿ ‘ಕೈಲಾಸ ಸಮಾರಾಧನೆ’ ಅವಳ ಕೈಯಲ್ಲಿ ‘ಕೈಲಾಗದ ಸಮಾರಾಧನೆ’ ಆಗಿ ಅಚ್ಚಾಗಿಬಿಟ್ಟಿತು. ಈಶ್ವರಯ್ಯನವರೇ ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ಅಂದಿನಿಂದ, ಅರ್ಥ ಗೊತ್ತಿಲ್ಲದ ಪದವನ್ನು ಅವಳು ಅಚ್ಚಿಗೆ ಕಳಿಸುವುದಿಲ್ಲ.

ಹೋದ ಜನವರಿಯಲ್ಲಿ ಇಬ್ಬರು ಬೀಗರು ಒಟ್ಟಿಗೆ ಅಂಗಡಿಗೆ ಬಂದರು. ಒಬ್ಬರು ಹಾಸನದ ಸತ್ಯಮಿತ್ರ, ನಿವೃತ್ತ ಕಾಂಪೌಂಡರ್, ವಧು ಸ್ಪಂದನಾಳ ತಾತ. ಇನ್ನೊಬ್ಬರು ವರ ಗೌತಮ್‌ನ ತಂದೆ ಅಮರನಾಥ, ಇದೇ ಊರಿನಲ್ಲಿ ಟೈಲ್ಸ್ ಅಂಗಡಿ ಇಟ್ಟವರು. ಮದುವೆ ಹಾಸನದಲ್ಲಿ, ತಾತನ ಹಳೆಯ ಇವ್ಯಾಂಜೆಲಿಕಲ್ ಚರ್ಚಿನಲ್ಲಿ.

ಶಿವರಂಜನಿ ಎರಡೂ ಕಡೆಯ ಸಭೆಗಳ ಹೆಸರು ಹಾಕಿ ಕರಡು ತೆಗೆದುಕೊಟ್ಟಳು. ಅಮರನಾಥ ಓದಿ, ‘ಇವ್ಯಾಂಜೆಲಿಕಲ್’ ಎಂಬ ಪದ ತಮ್ಮ ಪ್ರಾರ್ಥನಾ ಸಭೆಯ ಹೆಸರಿನ ಹಿಂದೆಯೂ ಬರಬೇಕು ಎಂದರು. ನಿಮ್ಮ ಬೋರ್ಡಿನಲ್ಲಿ ಅದು ಇಲ್ಲವಲ್ಲ ಎಂದು ತಾತ ಕೇಳಿದರು. ಬೋರ್ಡಿನಲ್ಲಿ ಇಲ್ಲದಿದ್ದರೂ ನಿಜವಾದ ಇವ್ಯಾಂಜೆಲಿಕಲ್‌ಗಳು ತಾವೇ ಎಂದು ಅಮರನಾಥ ಹೇಳಿದ್ದೇ ತಡ, ತಾತ ರೇಗಿದರು.

“ನಮ್ ಮುತ್ತಾತನ್ ಕಾಲ್ದಿಂದ ಬೋರ್ಡ್ ಮ್ಯಾಲೆ ಐತೆ ಕಣಪ್ಪ. ನೀನು ನಿನ್ನೆ ಬಂದು ನಂದು ಅಂತೀಯಲ್ಲ.”

“ಬೋರ್ಡಲ್ಲಿದ್ರೆ ಸಾಕಾ ಮಾವ? ಮನ್ಸು ತಿರುಗ್ಬೇಕು.”

ಮದುವೆಯೇ ಮುರಿದೀತೇನೋ ಎಂದು ಶಿವರಂಜನಿಗೆ ಗಾಬರಿಯಾಯಿತು. ಇಬ್ಬರನ್ನೂ ಕೂರಿಸಿ ಟೀ ತರಿಸಿದಳು. ಪದದ ಅರ್ಥ ತಿಳಿಯದೆ ತಾನು ಮೌಸ್ ಮುಟ್ಟುವುದಿಲ್ಲ, ಒಬ್ಬೊಬ್ಬರಾಗಿ ಹೇಳಿ ಎಂದಳು.

ತಾತ ಮೊದಲು ಹೇಳಿದರು. ಅದು ಗ್ರೀಕ್ ಮೂಲದ ಮಾತು. ಒಳ್ಳೆಯ ಸುದ್ದಿ, ಅಂದರೆ ಸುವಾರ್ತೆ, ಎಂದು ಅರ್ಥ. ಐನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಪೋಪರಿಂದ ಬೇರೆಯಾದವರು ತಮ್ಮನ್ನು ‘ಸುವಾರ್ತೆಯವರು’ ಎಂದು ಕರೆದುಕೊಂಡರು. ಅಲ್ಲಿಯ ಮಿಷನರಿಗಳ ಮೂಲಕ ಅದು ಇಲ್ಲಿನ ಚರ್ಚುಗಳ ಹೆಸರಿಗೂ ಬಂತು. ಅಮರನಾಥ ಅದನ್ನು ಒಪ್ಪಿದರು. ಆದರೆ ಆಮೇಲೆ ಇಂಗ್ಲಿಷ್ ನಾಡುಗಳಲ್ಲಿ ಆ ಪದಕ್ಕೆ ಇನ್ನೊಂದು ಬಳಕೆ ಬಂತು ಎಂದರು: ಯಾವ ಚರ್ಚಿನವರೇ ಆಗಲಿ, ಬೈಬಲನ್ನು ನೆಚ್ಚಿ, ಶಿಲುಬೆಯನ್ನು ನಂಬಿ, ಸ್ವಂತ ಮನಸ್ಸು ದೇವರ ಕಡೆ ತಿರುಗಿ, ಅದನ್ನು ನಾಲ್ಕು ಜನಕ್ಕೆ ಹೇಳುವವರೆಲ್ಲ ಇವ್ಯಾಂಜೆಲಿಕಲ್.

ಹಾಗಾದರೆ ಇವ್ಯಾಂಜೆಲಿಸ್ಟ್ ಯಾರು ಎಂದು ಅವಳು ಕೇಳಿದಳು. ಊರೂರು ತಿರುಗಿ ಸುವಾರ್ತೆ ಸಾರುವವನು ಎಂದು ಇಬ್ಬರೂ ಒಟ್ಟಿಗೇ ಹೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶಿವರಂಜನಿ ಕರಡನ್ನು ಎದುರಿಗೆ ಎಳೆದುಕೊಂಡಳು. “ತಾತಂಗೆ ಅದು ಮನೆತನದ ಎಸ್ರು. ನಿಮ್ಗೆ ಅದು ನಡತೆ ಎಸ್ರು ಸಾ. ಎರ್ಡೂ ಸುವಾರ್ತೆಯಿಂದ್ಲೇ ಉಟ್ಟಿದ್ದಲ್ವಾ? ಚರ್ಚಿನ ಎಸ್ರು ಬೋರ್ಡಲ್ಲಿ ಇದ್ದಂಗೇ ಇರ್ಲಿ. ಮ್ಯಾಲೆ ಒಂದು ಸಾಲು ನಾನು ಆಕ್ಲಾ?”

ಬೀಗರಿಬ್ಬರೂ ಒಪ್ಪಿ ತಲೆಯಾಡಿಸಿದರು. ಕಾರ್ಡಿನ ನೆತ್ತಿಗೆ ಅವಳು ‘ಸುವಾರ್ತೆಯನ್ನು ನೆಚ್ಚಿದ ಎರಡು ಮನೆಗಳ ಮದುವೆ’ ಎಂದು ಟೈಪ್ ಮಾಡಿದಳು. ಅಮರನಾಥ ಅದನ್ನು ಎರಡು ಸಲ ಓದಿ, ಅಕ್ಷರ ಇನ್ನೂ ದಪ್ಪ ಮಾಡಿ ಎಂದರು. ತಾತ ಕನ್ನಡಕ ಒರೆಸಿಕೊಂಡು ಬೀಗರ ಬೆನ್ನು ತಟ್ಟಿದರು.

ಮದುವೆಗೆ ಶಿವರಂಜನಿ ಅಪ್ಪನ ಜೊತೆ ಹೋದಳು. ಪಾಸ್ಟರು ಉಪದೇಶದ ನಡುವೆ ಆ ಸಾಲನ್ನೇ ಓದಿ, ಬರೆದವರು ಇಲ್ಲೇ ಕೂತಿದ್ದಾರೆ ಎಂದಾಗ ಹಣೆಯ ಮೇಲೆ ವಿಭೂತಿ ಧರಿಸಿದ್ದ ಈಶ್ವರಯ್ಯನವರು ಎದ್ದು ನಿಂತು, ಮಗಳನ್ನು ಎಲ್ಲರಿಗೂ ತೋರಿಸಿದರು. ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗೊಳಗೇ ಹಿಗ್ಗೂ ಆಯಿತು.

ಈಗ ಎರಡೂ ಸಭೆಗಳ ಭಾನುವಾರದ ಹಾಡಿನ ಹಾಳೆ ಅವಳ ಅಂಗಡಿಯಲ್ಲೇ ತಯಾರಾಗುತ್ತದೆ. ಪ್ರತಿ ಶುಕ್ರವಾರ ಸತ್ಯಮಿತ್ರ ತಾತ ಫೋನ್ ಮಾಡಿ ಒತ್ತಕ್ಷರಗಳನ್ನು ತಿದ್ದಿಸುತ್ತಾರೆ. ಅವಳೂ ಸುಮ್ಮನೆ ಒಪ್ಪುವವಳಲ್ಲ, ನಿಘಂಟು ತೆರೆದಿಟ್ಟುಕೊಂಡೇ ಮಾತಿಗೆ ಕೂರುತ್ತಾಳೆ.