ಅಕ್ಕ ಮಾತ್ರೆ ಬಿಟ್ಟಿದ್ದಳು

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಒಂದೇ ಕೋಣೆಯ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಮ್ಮನಿಗೆ ಊರಿನ ಅರ್ಧ ಹೆಂಗಸರ ಅಳತೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಇಳಿದರು ಎಂಬುದು ಗಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಬಾಯಿ ಬಿಡುವವಳಲ್ಲ.

ಆ ದಿನ ಸ್ವಂತ ಅಕ್ಕನ ಸೊಂಟಕ್ಕೆ ಟೇಪು ಸುತ್ತಿದವಳು ನಂಬಲಾರದೆ ಮತ್ತೊಮ್ಮೆ ಸುತ್ತಿದಳು. ಎರಡು ತಿಂಗಳಲ್ಲಿ ಮೂರು ಇಂಚು ಕಡಿಮೆ!

“ನೋಡಿದ್ಯಾ? ಎಲ್ಲಾ ಆ ಪುಡಿ ಮಹಿಮೆ,” ಅಕ್ಕ ಬೀಗಿದಳು. ಯಾವುದೋ ಶಿಬಿರದಲ್ಲಿ ಬಿಳಿ ಕೋಟಿನವನೊಬ್ಬ ಅಂಗೈಗೆ ಯಂತ್ರ ಹಿಡಿಸಿ, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತೇನೆಂದು ಕೊಟ್ಟ ಪುಡಿ ಅದು. “ಮಾತ್ರೆ ಬಿಟ್ಬಿಟ್ಟೆ ಕಣೇ. ಮಾತ್ರೆ ತಗೊಂಡ್ರೆ ಪುಡಿ ಹಿಡಿಯಲ್ವಂತೆ.”

ಟೈಲರಮ್ಮ ಟೇಪು ಸುತ್ತಿಡುತ್ತಾ ಯೋಚಿಸಿದಳು. ಬಂದಾಗಿನಿಂದ ಅಕ್ಕ ಅರ್ಧ ಹೂಜಿ ನೀರು ಕುಡಿದಿದ್ದಳು, ಎರಡು ಸಲ ಶೌಚಾಲಯಕ್ಕೆ ಹೋಗಿಬಂದಿದ್ದಳು. ಇದು ಗುಣವಾದವರ ಮೈಯಲ್ಲ. ಆದರೆ ತಾನೇನು ಡಾಕ್ಟರೇ?

“ಸುಸ್ತಾಗಲ್ವಾ ಅಕ್ಕ?”

“ಆಗತ್ತೆ. ಒಳಗಿನ ವಿಷ ಹೊರಗೆ ಹೋಗ್ತಿದೆ, ಅದಕ್ಕೇ ಸುಸ್ತು ಅಂತ ಅವ್ರೇ ಹೇಳಿದ್ರು.”

ಚೆನ್ನಾಗಿದ್ದರೂ ಪುಡಿಯಿಂದ, ಕೆಟ್ಟರೂ ಪುಡಿಯಿಂದ! ಅಕ್ಕ ಮನೆಗೆ ಹೋದ ಮೇಲೆ ಟೈಲರಮ್ಮನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ರವಿಕೆಯ ತೋಳನ್ನು ತಿರುವುಮುರುವಾಗಿ ಹೊಲಿದು ಬಿಚ್ಚಿದಳು. ಕೊನೆಗೆ ಬಾಗಿಲೆಳೆದು ಆರೋಗ್ಯ ಕೇಂದ್ರದ ನರ್ಸಮ್ಮನ ಹತ್ತಿರ ಓಡಿದಳು. “ನಾಳೆ ಅನ್ಬೇಡಿ, ಈಗ್ಲೇ ಕರ್ಕೊಂಡ್ ಬನ್ನಿ,” ಎಂದರು ನರ್ಸಮ್ಮ.

ಅಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ನಾನು ಚೆನ್ನಾಗಿರೋದು ನಿಂಗೆ ಸಹಿಸಲ್ವಾ?”

“ಸರಿ, ಪುಡಿ ನಿಜವಾದ್ರೆ ರಕ್ತ ತೋರ್ಸೋಕೆ ಭಯ ಯಾಕೆ? ಸಕ್ಕರೆ ಇಳಿದಿದ್ರೆ ನಾಳೆಯಿಂದ ನಾನೂ ಅದನ್ನೇ ಕುಡೀತೀನಿ.”

ಗೆದ್ದೇ ಗೆಲ್ಲುತ್ತೇನೆಂದು ಅಕ್ಕ ಹೊರಟಳು. ನರ್ಸಮ್ಮ ಬೆರಳು ಚುಚ್ಚಿದರು. ಯಂತ್ರದಲ್ಲಿ ಅಂಕಿಯೇ ಮೂಡಲಿಲ್ಲ. ಅದು ಎಣಿಸಬಲ್ಲ ಮಿತಿಯನ್ನೇ ಸಕ್ಕರೆ ದಾಟಿತ್ತು. ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಕಳಿಸಿದರು.

ಐದು ದಿನ ಟೈಲರಮ್ಮ ಮಂಚದ ಪಕ್ಕ ಕೂತು, ಇನ್ನೂ ಒಂದು ವಾರ ಸುಮ್ಮನಿದ್ದಿದ್ದರೆ ಎಂದು ನೆನೆದು ನೆನೆದು ಬೆವರಿದಳು. “ಮಾತ್ರೆ ಬಿಡಿ ಅಂದವನು ನಿಮ್ಮ ರಕ್ತ ಪರೀಕ್ಷೆ ಮಾಡಿಸಿದ್ನಾ?” ಎಂದು ಡಾಕ್ಟರು ಕೇಳಿದಾಗ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಕೋಟಿನವನ ಫೋನು ಅಷ್ಟರಲ್ಲಿ ಸ್ವಿಚ್ ಆಫ್ ಆಗಿತ್ತು.

ಅಕ್ಕ ಚೇತರಿಸಿಕೊಂಡಳು, ಮಾತ್ರೆ ಮತ್ತೆ ಶುರುವಾಯಿತು. ಟೈಲರಮ್ಮನ ಅಳುಕು ಮಾತ್ರ ಹೋಗಲಿಲ್ಲ. ಮೊನ್ನೆ ಅಕ್ಕ, “ಪಕ್ಕದ್ಮನೆಯವ್ರು ಯಾವ್ದೋ ಎಲೆ ರಸ ಒಳ್ಳೇದಂತಾರೆ ಕಣೇ,” ಎಂದಾಗ ಅವಳು ಹೊಲಿಗೆ ಅಲ್ಲೇ ಬಿಟ್ಟು ಎದ್ದು ನಿಂತಳು.

“ಹೆದರ್ಬೇಡ,” ಎಂದಳು ಅಕ್ಕ. “ಡಾಕ್ಟರನ್ನ ಕೇಳ್ಕೊಂಡೇ ಬರೋಣ, ನಡಿ.”